ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ದುರಸ್ತಿ: ಕರೆಂಟು ಮೊದಲು, ಸನ್‌ಮೈಕಾ ಕೊನೆಗೆ

ನಮಸ್ಕಾರ. ದಾವಣಗೆರೆಯಲ್ಲಿ ನಿಮ್ಮ ಸೋದರಮಾವ ತೊಂಬತ್ತರ ದಶಕದಲ್ಲಿ ನಡೆಸುತ್ತಿದ್ದ ವಿಡಿಯೋ ಗೇಮ್ ಪಾರ್ಲರಿನ ಪೆಟ್ಟಿಗೆಯೊಂದು ಗೋದಾಮಿನಲ್ಲಿ ಉಳಿದಿದೆ, ಒಳಗೆ 21 ಇಂಚಿನ ಬಣ್ಣದ ಟಿ.ವಿ.ಯ ಟ್ಯೂಬು ಇದೆ, ಕೊನೆಯದಾಗಿ ಅದರಲ್ಲಿ ಓಡುತ್ತಿದ್ದುದು ‘ಮುಸ್ತಫಾ’ ಆಟ, ಕೆಳಗಿನ ಹಲಗೆ ಕೊಳೆತಿದೆ ಎಂದು ನಮ್ಮ ಹವ್ಯಾಸಿಗಳ ಗುಂಪಿನಲ್ಲಿ ಬರೆದಿದ್ದೀರಿ. ಒಳಗಿನದನ್ನೆಲ್ಲ ಕಿತ್ತು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಎಲ್‌ಸಿಡಿ ಕೂರಿಸಿಬಿಡಲೇ ಎಂಬುದು ನಿಮ್ಮ ಪ್ರಶ್ನೆ. ಮುಂದಿನ ವಾರ ಬಡಗಿ ಸನ್‌ಮೈಕಾ ಅಂಟಿಸಲು ಬರುತ್ತಾರೆ ಎಂದು ಕೊನೆಯಲ್ಲಿ ಸೇರಿಸಿದ್ದೀರಿ. ಆ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ: ದಯವಿಟ್ಟು ಬಡಗಿಯವರಿಗೆ ಒಂದೆರಡು ತಿಂಗಳು ಬಿಟ್ಟು ಬರಲು ಹೇಳಿ.

ಹೊರಮೈಯಿಂದ ಕೆಲಸ ಶುರುಮಾಡುವ ಆಸೆ ಈ ಹವ್ಯಾಸಕ್ಕೆ ಬಂದವರಿಗೆಲ್ಲ ಇರುತ್ತದೆ, ಏಕೆಂದರೆ ಕಣ್ಣಿಗೆ ಬೇಗ ಫಲ ಕಾಣುವುದು ಅಲ್ಲಿಯೇ. ಆದರೆ ಇಂತಹ ಪೆಟ್ಟಿಗೆಯಲ್ಲಿ ಬಹುತೇಕ ಅಳತೆಗಳನ್ನು ನಿರ್ಧರಿಸುವುದು ಪರದೆ. ಟ್ಯೂಬು ಉಳಿಯುವುದಾದರೆ ಅದನ್ನು ಹೊತ್ತಿರುವ ಅಡ್ಡಪಟ್ಟಿ, ಮುಂದಿನ ಚೌಕಟ್ಟು, ಹಿಂಬದಿಯ ಆಳ, ಬಿಸಿಗಾಳಿ ಹೊರಹೋಗುವ ಕಿಂಡಿ ಎಲ್ಲವೂ ಈಗಿರುವಂತೆಯೇ ಇರಬೇಕು. ಎಲ್‌ಸಿಡಿ ಬಂದರೆ ಇವೆಲ್ಲ ಬದಲಾಗುತ್ತವೆ. ಟ್ಯೂಬಿಗೆ ಜೀವವಿದೆಯೇ ಎಂಬುದು ಕರೆಂಟು ಕೊಡದೆ ತಿಳಿಯುವುದಿಲ್ಲ, ಇಷ್ಟು ವರ್ಷ ಮಲಗಿದ್ದ ಯಂತ್ರಕ್ಕೆ ನೇರವಾಗಿ ಕರೆಂಟು ಕೊಡುವಂತೆಯೂ ಇಲ್ಲ. ಆದ್ದರಿಂದ ಮೊದಲು ವಿದ್ಯುತ್ತು, ಆಮೇಲೆ ಪರದೆ, ಬಳಿಕ ಆಟದ ಬೋರ್ಡು ಮತ್ತು ಹಿಡಿಕೆಗಳು (ಜಾಯ್‌ಸ್ಟಿಕ್, ಬಟನ್ನುಗಳು), ಎಲ್ಲಕ್ಕಿಂತ ಕೊನೆಗೆ ಮರಗೆಲಸ ಎಂಬ ಕ್ರಮವನ್ನು ಬಿಡಬೇಡಿ.

ಹಿಂಬಾಗಿಲು ತೆಗೆದ ಕೂಡಲೇ ಇಲಿ ಕಡಿದ ತಂತಿಗಳನ್ನೂ ಫ್ಯೂಸನ್ನೂ ನೋಡಿ. ಪಾರ್ಲರಿನ ಆತುರದಲ್ಲಿ ಯಾರಾದರೂ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರೆ ಆಶ್ಚರ್ಯವಿಲ್ಲ; ಸರಿಯಾದ ಫ್ಯೂಸು ಹಾಕದೆ ಮುಂದುವರಿಯಬಾರದು. ನಂತರ ಆಟದ ಬೋರ್ಡಿನ ಕನೆಕ್ಟರನ್ನು ಕಳಚಿ ಪಕ್ಕಕ್ಕಿಡಿ. ಪರದೆಯ ಚಾಸಿಗೆ, ಅಂದರೆ ಟ್ಯೂಬನ್ನು ನಡೆಸುವ ಸರ್ಕ್ಯೂಟಿನ ಹಲಗೆಗೆ, ಮೊದಲ ಬಾರಿ ಕರೆಂಟು ಕೊಡುವಾಗ ಟಿ.ವಿ. ಮೆಕ್ಯಾನಿಕ್‌ಗಳ ಹಳೆಯ ಉಪಾಯವಾದ ಸೀರೀಸ್ ಬಲ್ಬನ್ನೇ ಬಳಸಿ, ಎಂದರೆ ಫೇಸ್ ತಂತಿಯ ದಾರಿಯಲ್ಲಿ 100 ವ್ಯಾಟಿನ ಹಳೆಯ ತಂತಿಬಲ್ಬು ಇರಲಿ. ಎಲ್‌ಇಡಿ ಬಲ್ಬು ಇದಕ್ಕೆ ಬರುವುದಿಲ್ಲ. ಬಲ್ಬು ಒಮ್ಮೆ ಜೋರಾಗಿ ಹೊತ್ತಿ ಮಂಕಾದರೆ ಹೆದರಬೇಕಿಲ್ಲ, ಅದು ಟ್ಯೂಬಿನ ಸುತ್ತಲಿನ ಡಿಗಾಸಿಂಗ್ ಸುರುಳಿ (ಪರದೆಗೆ ಹಿಡಿದ ಕಾಂತತ್ವ ತೆಗೆಯುವ ತಂತಿಸುರುಳಿ) ಕ್ಷಣಕಾಲ ಎಳೆಯುವ ಕರೆಂಟು; ಬೆಳಕು ಇಳಿಯದೆ ಹಾಗೆಯೇ ಉರಿಯುತ್ತಿದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ.

ಟ್ಯೂಬಿನ ವಿಷಯದಲ್ಲಿ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ. ಅದರ ಬೆನ್ನಿನ ಮೇಲೆ ರಬ್ಬರ್ ಟೋಪಿಯ ಅಡಿಯಲ್ಲಿರುವ ಆನೋಡಿಗೆ ಯಂತ್ರ ಓಡುವಾಗ 20ರಿಂದ 25 ಸಾವಿರ ವೋಲ್ಟಿನಷ್ಟು ಒತ್ತಡ ಹರಿಯುತ್ತದೆ, ಪ್ಲಗ್ಗು ಕಿತ್ತ ಬಳಿಕವೂ ಗಾಜಿನ ಮೈಯಲ್ಲಿ ಚಾರ್ಜು ಉಳಿದಿರಬಹುದು. ಚಾಸಿಯನ್ನು ಮುಟ್ಟುವ ಮೊದಲು ಅದನ್ನು ಇಳಿಸುವ ವಿಧಾನ ಹೀಗಿದೆ. ಪ್ಲಗ್ಗನ್ನು ಸಂಪೂರ್ಣ ಕಿತ್ತು, ಮೊಸಳೆ ಕ್ಲಿಪ್ ಇರುವ ತಂತಿಯ ಒಂದು ತುದಿಯನ್ನು ಟ್ಯೂಬಿನ ಹೊರಮೈಗೆ ಅಡ್ಡಲಾಗಿ ಬಿಗಿದಿರುವ ಹೆಣೆದ ಲೋಹದ ತಂತಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಉದ್ದ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಕಚ್ಚಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮತ್ತೊಂದು ಕೈಯಿಂದ ಸ್ಕ್ರೂಡ್ರೈವರಿನ ತುದಿಯನ್ನು ರಬ್ಬರ್ ಟೋಪಿಯ ಅಡಿಗೆ ನಿಧಾನವಾಗಿ ಜಾರಿಸಿ, ಒಳಗಿನ ಲೋಹದ ಕೊಕ್ಕೆಗೆ ತಾಗಿಸಬೇಕು. ‘ಚಟ್’ ಎಂಬ ಸದ್ದು ಬರಬಹುದು, ಬಾರದೆಯೂ ಇರಬಹುದು. ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಹಾಗೆಯೇ ಮಾಡಿ, ಏಕೆಂದರೆ ಗಾಜಿನಲ್ಲಿ ಚಾರ್ಜು ಸ್ವಲ್ಪ ಮರಳಿ ಕೂಡಿಕೊಳ್ಳುತ್ತದೆ. ಚಾಸಿಯ ಮೇಲಿನ ದೊಡ್ಡ ಫಿಲ್ಟರ್ ಕೆಪಾಸಿಟರಿನಲ್ಲಿಯೂ 300 ವೋಲ್ಟಿನ ಸುಮಾರಿನ ಒತ್ತಡ ನಿಂತಿರಬಹುದಾದ್ದರಿಂದ ಮೀಟರಿನಲ್ಲಿ ಅಳೆದ ನಂತರವೇ ಕೈಯಿಡಿ. ಉಂಗುರ, ಕೈಗಡಿಯಾರ ತೆಗೆದಿಡಿ, ಮನೆಯಲ್ಲಿ ಮತ್ತೊಬ್ಬರಿರುವಾಗಲೇ ಈ ಕೆಲಸ ಮಾಡಿ. ಟ್ಯೂಬಿನ ಹಿಂಬದಿಯ ತೆಳುವಾದ ಕುತ್ತಿಗೆಗೆ ಪೆಟ್ಟು ಬಿದ್ದು ಬಿರುಕು ಬಿಟ್ಟರೆ ಗಾಳಿ ಒಳಹೊಕ್ಕು ಅಲ್ಲಿಗೆ ಟ್ಯೂಬಿನ ಕಥೆ ಮುಗಿಯುತ್ತದೆ.

ಇದೆಲ್ಲ ಓದಿ ಹಿಂಜರಿಕೆಯಾದರೆ ಅದು ಸರಿಯಾದ ಹಿಂಜರಿಕೆಯೇ. ನಿಮ್ಮ ಊರಿನಲ್ಲಿ ಹಳೆಯ ಟಿ.ವಿ. ರಿಪೇರಿ ಮಾಡುತ್ತಿದ್ದ ಹಿರಿಯರು ಖಂಡಿತ ಇರುತ್ತಾರೆ. ಈಗ ಅವರು ಮಿಕ್ಸಿ, ಇಂಡಕ್ಷನ್ ಒಲೆ ಸರಿಮಾಡಿಕೊಂಡಿರಬಹುದು, ಆದರೆ ಒಣಗಿದ ಕೆಪಾಸಿಟರುಗಳನ್ನು ಬದಲಿಸಿ ಚಾಸಿಯನ್ನು ಎಬ್ಬಿಸುವ ಕೆಲಸವನ್ನು ಅಂತರ್ಜಾಲದ ವೀಡಿಯೊಗಳಿಗಿಂತ ಅವರೇ ಚೆನ್ನಾಗಿ ಬಲ್ಲರು. ಅವರನ್ನು ಕೇಳಲೇಬೇಕಾದ ಇನ್ನೊಂದು ವಿಷಯವಿದೆ. ಹಳೆಯ ಟಿ.ವಿ. ಚಾಸಿಗಳಲ್ಲಿ ಕೆಲವು ಮನೆಯ ಕರೆಂಟಿನ ಒಂದು ತಂತಿಗೆ ನೇರ ಸಂಪರ್ಕ ಹೊಂದಿರುತ್ತವೆ. ಅಂತಹ ಚಾಸಿಗೆ ಆಟದ ಬೋರ್ಡಿನ ಗ್ರೌಂಡ್ ಜೋಡಿಸಿದರೆ ಜಾಯ್‌ಸ್ಟಿಕ್ ಕೂರಿಸಿದ ಕಬ್ಬಿಣದ ತಗಡಿನವರೆಗೂ ಶಾಕ್ ಬರಬಹುದು. ಹಾಗಿದ್ದಲ್ಲಿ ಚಾಸಿಯನ್ನು ಮನೆಯ ಕರೆಂಟಿನ ನೇರ ಸಂಪರ್ಕದಿಂದ ಬೇರ್ಪಡಿಸಿ 230ಕ್ಕೆ 230 ವೋಲ್ಟ್ ಕೊಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪರದೆಯನ್ನು ಓಡಿಸಬಾರದು. ಪೆಟ್ಟಿಗೆಯ ತಳದಲ್ಲಿ ಭಾರವಾದ ಟ್ರಾನ್ಸ್‌ಫಾರ್ಮರ್ ಒಂದು ಈಗಾಗಲೇ ಕುಳಿತಿದ್ದರೆ ಅದನ್ನು ಗುಜರಿಗೆ ಹಾಕಬೇಡಿ, ಅದು ಇದಕ್ಕಾಗಿಯೇ ಇರುವ ಸಾಧ್ಯತೆ ಹೆಚ್ಚು.

ಟಿ.ವಿ. ಟ್ಯೂಬನ್ನು ಆಟದ ಪೆಟ್ಟಿಗೆಗೆ ಬಳಸಲು ಆಗುವುದೇ ಎಂದು ಗುಂಪಿನಲ್ಲಿ ಇನ್ನೊಬ್ಬರು ಸಂಶಯ ಎತ್ತಿದ್ದರು. ನಮ್ಮ ಹಳೆಯ ಟ್ಯೂಬಿನ ಟಿ.ವಿ.ಗಳು ಸೆಕೆಂಡಿಗೆ 15,625 ಅಡ್ಡಗೆರೆಗಳನ್ನು ಎಳೆಯುತ್ತವೆ, ಆ ಕಾಲದ ಬಹುತೇಕ ಆಟದ ಬೋರ್ಡುಗಳೂ ಅದರ ಆಸುಪಾಸಿನಲ್ಲಿಯೇ ಇವೆ. ಆದ್ದರಿಂದ ಚಾಸಿಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಪ್ರತ್ಯೇಕ ದಾರಿ ಮಾಡಿಕೊಟ್ಟರೆ ಚಿತ್ರ ಸಲೀಸಾಗಿ ನಿಲ್ಲುತ್ತದೆ. ಕಂಪ್ಯೂಟರ್ ಮಾನಿಟರಿಗೆ ಮಾತ್ರ ಇದೇ ಸಂಕೇತ ನೇರವಾಗಿ ಹೊಂದುವುದಿಲ್ಲ, ಅದು ಆರಂಭವಾಗುವುದೇ ಸೆಕೆಂಡಿಗೆ 31 ಸಾವಿರ ಗೆರೆಗಳಿಂದ.

ಇನ್ನು ಆಟದ ಬೋರ್ಡು. ನಾವೆಲ್ಲ ಮುಸ್ತಫಾ ಎಂದು ಕರೆಯುವ ಆಟ ಕ್ಯಾಪ್ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’. ನಿಮ್ಮ ಬಳಿ ಇರುವುದು ಮೂಲ ಬೋರ್ಡೋ ನಕಲೋ ಎಂಬುದನ್ನು ಮೊದಲು ತಿಳಿಯಬೇಕು. ಒಂದರ ಮೇಲೊಂದು ಕುಳಿತ ಪದರಗಳಿದ್ದು ಕ್ಯಾಪ್ಕಾಮ್ ಹೆಸರು ಅಚ್ಚಾಗಿದ್ದರೆ ಅದು ಮೂಲದ್ದಿರಬಹುದು. ಹಾಗಿದ್ದರೆ ಅದರಲ್ಲಿರುವ ಬ್ಯಾಟರಿಯ ಹತ್ತಿರ ಕೈ ಹಾಕಬೇಡಿ. ಧ್ವನಿ ವಿಭಾಗದ ಪ್ರೋಗ್ರಾಮನ್ನು ಕಂಪನಿಯವರು ಗೂಢಲಿಪಿಯಲ್ಲಿ ಬರೆದು, ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯಿಂದ ಉಸಿರಾಡುವ ಚಿಪ್ಪಿನಲ್ಲಿಟ್ಟಿದ್ದರು. ಬ್ಯಾಟರಿ ಕಿತ್ತರೆ ಕೀಲಿ ಅಳಿಸಿಹೋಗುತ್ತದೆ. ಅದು ಈಗಾಗಲೇ ಸತ್ತಿದ್ದರೂ ದಾರಿ ಇದೆ, ಆ ಚಿಪ್ಪಿನ ಬದಲು ಸಾಮಾನ್ಯ ಝಡ್-80 ಪ್ರೊಸೆಸರ್ ಚಿಪ್ಪು ಹಾಕಿ, ಗೂಢಲಿಪಿ ಬಿಡಿಸಿದ ಪ್ರೋಗ್ರಾಮ್ ಇರುವ ರೋಮ್ (ROM) ಚಿಪ್ಪನ್ನು ಕೂರಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ಎಸ್‌ಎನ್‌ಕೆಯ ನಿಯೋ ಜಿಯೋದಂತಹ ಬೋರ್ಡುಗಳಲ್ಲಿರುವ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುವುದರಿಂದ ಅದನ್ನು ಆದಷ್ಟು ಬೇಗ ಕತ್ತರಿಸಿ ತೆಗೆಯಬೇಕು, ಹಸಿರು ಕಿಲುಬು ಹಿಡಿದ ಜಾಗವನ್ನು ಬಿಳಿ ವಿನಿಗರಿನಿಂದ ಒರೆಸಿ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯಬೇಕು. ಬ್ಯಾಟರಿ ಕಂಡ ಕೂಡಲೇ ಕಿತ್ತು ಬಿಸಾಡಿ ಎಂದು ಇಲ್ಲಿ ಕೆಲವರು ಎಲ್ಲರಿಗೂ ಒಂದೇ ಸಲಹೆ ಕೊಡುತ್ತಿರುವುದರಿಂದ ಇಷ್ಟು ಬಿಡಿಸಿ ಬರೆದೆ.

ಬೋರ್ಡಿಗೆ ಹೋಗುವ ತಂತಿಗಳ ಕಟ್ಟು ಬಹುಮಟ್ಟಿಗೆ ಜಾಮಾ ಆಗಿರುತ್ತದೆ. 1985ರಲ್ಲಿ ಜಪಾನಿನ ಆಟಯಂತ್ರ ತಯಾರಕರ ಸಂಘ ಗೊತ್ತುಪಡಿಸಿದ ಈ ಕ್ರಮದಲ್ಲಿ ಬೋರ್ಡಿನ ಅಂಚಿನ ಎರಡೂ ಬದಿಗೆ 28ರಂತೆ ಒಟ್ಟು 56 ಸಂಪರ್ಕಗಳಿವೆ. 3 ಮತ್ತು 4ನೆಯವು 5 ವೋಲ್ಟು, 6ನೆಯದು 12 ವೋಲ್ಟು. 7ನೆಯ ಜಾಗದಲ್ಲಿ ಕನೆಕ್ಟರು ತಲೆಕೆಳಗಾಗದಂತೆ ತಡೆಯುವ ಕಚ್ಚು ಇರಬೇಕು, ನಕಲು ಬೋರ್ಡುಗಳಲ್ಲಿ ಅದು ಇಲ್ಲದೆಯೂ ಇರುತ್ತದೆ. ಆದ್ದರಿಂದ ಚಿಪ್ಪುಗಳಿರುವ ಬದಿ ಯಾವುದೆಂದು ನೋಡಿಯೇ ಸಿಕ್ಕಿಸಿ. ಅಂಚಿನ ಸಂಪರ್ಕಗಳನ್ನು ಪೆನ್ಸಿಲಿನ ಮೆತ್ತನೆಯ ರಬ್ಬರಿನಿಂದ ಉಜ್ಜಿ, ಆಲ್ಕೋಹಾಲಿನಿಂದ ಒರೆಸಿದರೆ ಸಾಕು, ಉಪ್ಪುಕಾಗದ ಮುಟ್ಟಿಸಬೇಡಿ. ವೋಲ್ಟೇಜನ್ನು ಎಸ್‌ಎಂಪಿಎಸ್‌ನ (ಮನೆಯ ಕರೆಂಟನ್ನು ಬೋರ್ಡಿಗೆ ಬೇಕಾದ 5, 12 ವೋಲ್ಟಿಗೆ ಇಳಿಸುವ ಡಬ್ಬಿಯ) ಬಾಯಲ್ಲಿ ಅಳೆಯದೆ ಬೋರ್ಡಿನ ಮೇಲೆ ಚಿಪ್ಪಿನ ಹತ್ತಿರ ಅಳೆಯಿರಿ, ಹಳೆಯ ತಂತಿ ದಾರಿಯಲ್ಲಿಯೇ ಸ್ವಲ್ಪ ನುಂಗುತ್ತದೆ. ಅಲ್ಲಿ 5.0ರಿಂದ 5.1 ಬರುವಂತೆ ಎಸ್‌ಎಂಪಿಎಸ್‌ನ ಸಣ್ಣ ತಿರುಪನ್ನು ಹೊಂದಿಸಿ. 4.75ಕ್ಕಿಂತ ಕೆಳಗಿಳಿದರೆ ಆಟ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿರುತ್ತದೆ, 5.25 ದಾಟಿದರೆ ಚಿಪ್ಪುಗಳಿಗೆ ಅಪಾಯ. ಬೋರ್ಡು ಸತ್ತಿದೆ ಎಂದು ಮಾರಾಟಕ್ಕಿಟ್ಟ ಎಷ್ಟೋ ಯಂತ್ರಗಳ ರೋಗ ಈ ತಿರುಪಿನಲ್ಲಿಯೇ ಇರುತ್ತದೆ.

ಈಗ ನಿಮ್ಮ ಮೂಲ ಪ್ರಶ್ನೆ. ಟ್ಯೂಬಿನಲ್ಲಿ ಚಿತ್ರ ಬಂದರೆ, ಬಣ್ಣ ಸ್ವಲ್ಪ ಮಂಕಾಗಿದ್ದರೂ, ಅದನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಸ್ತಫಾದ ಚಿತ್ರ ಅಡ್ಡಕ್ಕೆ 384, ಉದ್ದಕ್ಕೆ 224 ಚುಕ್ಕೆಗಳದ್ದು. ಆ ಚುಕ್ಕೆಗಳ ಅಂಚು ಒಂದರೊಳಗೊಂದು ಕರಗುವುದನ್ನು ಲೆಕ್ಕಕ್ಕಿಟ್ಟೇ ಕಲಾವಿದರು ಬಿಡಿಸಿದ್ದರು, ಎಲ್‌ಸಿಡಿಯಲ್ಲಿ ಅದು ಚೌಕಚೌಕವಾಗಿ ಒಡೆದು ಕಾಣುತ್ತದೆ. ಟ್ಯೂಬು ಸತ್ತು ಬೋರ್ಡು ಬದುಕಿದ್ದರೆ ಹಳೆಯ ಸಂಕೇತವನ್ನು ಕಂಪ್ಯೂಟರ್ ಮಾನಿಟರಿಗೆ ಹೊಂದುವ ವಿಜಿಎಗೆ ಬದಲಿಸುವ ಸಣ್ಣ ಪರಿವರ್ತಕ ಬೋರ್ಡು ಸಿಗುತ್ತದೆ, ಅದನ್ನು ಹಾಕಿ ಎಲ್‌ಸಿಡಿ ಜೋಡಿಸಬಹುದು. ಎರಡೂ ಹೋಗಿದ್ದರೆ ಮಾತ್ರ ರಾಸ್ಪ್‌ಬೆರಿ ಪೈ ಯೋಚಿಸಿ. ಅದರಲ್ಲಿ ಹಳೆಯ ಆಟದ ಬೋರ್ಡುಗಳನ್ನು ಅನುಕರಿಸುವ, 1997ರಿಂದ ಬೆಳೆದುಬಂದಿರುವ ‘ಮೇಮ್’ ಎಂಬ ತಂತ್ರಾಂಶ ಉಚಿತವಾಗಿ ಓಡುತ್ತದೆ, ಆಟಗಳ ಹಕ್ಕು ಮಾತ್ರ ಆಯಾ ಕಂಪನಿಗಳದ್ದೇ ಎಂಬುದು ನೆನಪಿರಲಿ. ಕಚೇರಿಗಳು ಹೊರಹಾಕುವ ಹಳೆಯ ಚೌಕಾಕಾರದ ಮಾನಿಟರು ಸಿಕ್ಕರೆ ಅದೇ ಉತ್ತಮ. ಅಗಲ ಪರದೆಯನ್ನೇ ಕೊಳ್ಳುವಿರಾದರೆ, ನಿಮ್ಮ 21 ಇಂಚಿನ ಟ್ಯೂಬಿನಲ್ಲಿ ಕಣ್ಣಿಗೆ ಕಾಣುವ 20 ಇಂಚಿನ ಪರದೆಯ 12 ಇಂಚು ಎತ್ತರ ಪಡೆಯಲು 24 ಇಂಚಿಗಿಂತ ತುಸು ದೊಡ್ಡದೇ ಬೇಕಾಗುತ್ತದೆ, ಅದರ ಮೈ ಅಗಲ 22 ಇಂಚಿನ ಹತ್ತಿರ ಬರುತ್ತದೆ. ಪೆಟ್ಟಿಗೆಯ ಒಳಅಗಲ ಅಳೆದ ಮೇಲೆ ಹಣ ಕೊಡಿ.

ಹಿಡಿಕೆಗಳ ವಿಷಯ ಸುಲಭ. ಮುಸ್ತಫಾಕ್ಕೆ ಒಬ್ಬರಿಗೆ ಹೊಡೆಯಲು ಒಂದು, ಹಾರಲು ಒಂದು ಬಟನ್ನು ಸಾಕು, ಜಾಮಾ ಕಟ್ಟಿನಲ್ಲಿ ಇಬ್ಬರಿಗೂ ತಲಾ ಮೂರಕ್ಕೆ ಜಾಗವಿದೆ. ಮೂವರು ಆಡಬೇಕೆಂದರೆ, ಅಥವಾ ಮುಂದೆ ಆರು ಬಟನ್ನಿನ ‘ಸ್ಟ್ರೀಟ್ ಫೈಟರ್ 2’ ಹಾಕಬೇಕೆಂದರೆ ಬೇರೆ ತಂತಿಗಳನ್ನು ಎಳೆಯಬೇಕಾಗುತ್ತದೆ. ಹೊಸ ಬಟನ್ನು ತರಿಸುವ ಮೊದಲು ತಗಡಿನ ತೂತು ಅಳೆಯಿರಿ: ಜಪಾನಿ ಬಟನ್ನಿಗೆ 30 ಮಿ.ಮೀ., ಅಮೆರಿಕನ್ ಮಾದರಿಗೆ 28ರ ಸುಮಾರು. ತಂತಿ ಜೋಡಿಸುವಾಗ ಒಂದು ಗೊಂದಲ ಹೊಸಬರೆಲ್ಲರಿಗೂ ಆಗುತ್ತದೆ. ಕೋಲನ್ನು ಮೇಲಕ್ಕೆ ತಳ್ಳಿದಾಗ ಅದರ ಬುಡ ಕೆಳಕ್ಕೆ ಸರಿದು ಕೆಳಗಿನ ಮೈಕ್ರೋಸ್ವಿಚ್ಚನ್ನು ಒತ್ತುತ್ತದೆ, ಆದ್ದರಿಂದ ‘ಮೇಲೆ’ ಎಂಬ ತಂತಿ ಹೋಗಬೇಕಾದುದು ಕೆಳಗಿನ ಸ್ವಿಚ್ಚಿಗೆ. ಪ್ಯಾಕ್-ಮ್ಯಾನ್‌ನಂತಹ ನಾಲ್ಕೇ ದಿಕ್ಕಿನ ಆಟಗಳನ್ನು ಎಂಟು ದಿಕ್ಕಿನ ಕೋಲಿನಲ್ಲಿ ಆಡಿದರೆ ತಿರುವುಗಳು ತಪ್ಪುತ್ತವೆ, ಕೋಲಿನ ಅಡಿಯ ಪ್ಲಾಸ್ಟಿಕ್ ತಡೆಯನ್ನು ತಿರುಗಿಸಿ ನಾಲ್ಕು ದಿಕ್ಕಿಗೆ ಇಳಿಸುವ ಮಾದರಿಗಳು ಸಿಗುತ್ತವೆ.

ಎಲ್ಲ ಓಡಿದ ಮೇಲೆ ಬಡಗಿಯವರನ್ನು ಕರೆಸಿ. ಅವರು ಬರುವ ಮೊದಲೇ ಪಕ್ಕದ ಹಲಗೆಯ ಆಕಾರವನ್ನು ಖಾಕಿ ಕಾಗದದ ಮೇಲೆ ಗೀಚಿಟ್ಟುಕೊಳ್ಳಿ, ಏಕೆಂದರೆ ಕೊಳೆತ ತುದಿ ಉದುರಿದರೆ ಮೂಲ ಅಳತೆ ಮತ್ತೆ ಸಿಗುವುದಿಲ್ಲ. ನೆಲ ಒರೆಸಿದ ನೀರು ಹೀರಿ ಕೊಳೆಯುವುದು ಸಾಮಾನ್ಯವಾಗಿ ಕೆಳಗಿನ ಒಂದು ಗೇಣು ಮಾತ್ರ. ಅಷ್ಟನ್ನೇ ಕತ್ತರಿಸಿ, ಒಳಗಿನಿಂದ ಪಟ್ಟಿ ಕೊಟ್ಟು ಹೊಸ ತುಂಡು ಸೇರಿಸಬಹುದು, ಇಡೀ ಹಲಗೆ ಬದಲಿಸಬೇಕಿಲ್ಲ. ಆ ತುಂಡಿಗೆ ಎಂಡಿಎಫ್ ಬೇಡ, ನೀರು ತಾಗಿದರೆ ಅದು ಉಬ್ಬುತ್ತದೆ. ಐಎಸ್ 710 ಗುರುತಿರುವ 18 ಮಿ.ಮೀ. ಪ್ಲೈವುಡ್ ತರಿಸಿ, ಕೆಳಗೆ ರಬ್ಬರಿನ ಪಾದಗಳನ್ನು ಹಾಕಿ ನೆಲದಿಂದ ಎತ್ತಿ ನಿಲ್ಲಿಸಿ. ಗಾಳಿ ಕಿಂಡಿಗಳನ್ನು ಮುಚ್ಚದೆ ಒಳಗಿನಿಂದ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿದರೆ ಇಲಿ ಬಾರದು, ಬಿಸಿಯೂ ನಿಲ್ಲದು. ಮೂರು ಪಿನ್ನಿನ ಪ್ಲಗ್ಗು ಹಾಕಿಸಿ ಹಿಡಿಕೆಯ ತಗಡಿಗೆ ಅರ್ಥಿಂಗ್ ತಂತಿ ಕೊಡುವುದನ್ನು ಮರೆಯಬೇಡಿ. ನಾಣ್ಯದ ಕಿಂಡಿ 25 ಮಿ.ಮೀ.ನ ಹಳೆಯ ರೂಪಾಯಿಗೆ ಮಾಡಿದ್ದಾದರೆ 2011ರ ನಂತರದ ನಾಣ್ಯ ಚಿಕ್ಕದಾದ್ದರಿಂದ ಅದನ್ನು ಒಪ್ಪಲಿಕ್ಕಿಲ್ಲ. ಹಳೆಯ ನಾಣ್ಯಗಳ ಒಂದು ಹಿಡಿ ಕೂಡಿಟ್ಟುಕೊಳ್ಳಿ, ಅಥವಾ ನಾಣ್ಯದ ಕಿಂಡಿಯ ಸ್ವಿಚ್ಚಿಗೆ ಹೋಗುವ ತಂತಿಗೆ ಒಂದು ಬಟನ್ನು ಸಿಕ್ಕಿಸಿ.

ಸದ್ಯಕ್ಕೆ ಕರೆಂಟು ಕೊಡದೆ ಮೂರು ಫೋಟೊಗಳನ್ನು ಇಲ್ಲಿ ಹಾಕಿ: ಆಟದ ಬೋರ್ಡಿನ ಚಿಪ್ಪಿನ ಬದಿಯದ್ದು, ಅದರ ಅಂಚಿನ ಸಂಪರ್ಕಗಳು ಹತ್ತಿರದಿಂದ ಕಾಣುವಂತಹದ್ದು, ಮತ್ತು ಟ್ಯೂಬಿನ ಹಿಂದಿನ ಚಾಸಿಯದ್ದು. ಬೋರ್ಡು ಮೂಲದ್ದೋ ನಕಲೋ, ಟ್ರಾನ್ಸ್‌ಫಾರ್ಮರ್ ಬೇಕೋ ಬೇಡವೋ ಎಂಬುದನ್ನು ಅವುಗಳನ್ನು ನೋಡಿದ ಮೇಲೆ ಹೇಳುತ್ತೇನೆ.