ಎಚ್‌ಐವಿಯ ತಳಿಗಳು ನಾಡಿಗೊಂದು ಬಗೆಯೇಕೆ?

ಪ್ರಶ್ನೆ: ಎಚ್‌ಐವಿಯಲ್ಲಿ ಎ, ಬಿ, ಸಿ ಎಂಬ ಉಪಪ್ರಕಾರಗಳಿದ್ದು, ಅವು ಬೇರೆ ಬೇರೆ ದೇಶಗಳಲ್ಲಿ ಹೆಚ್ಚಾಗಿ ಕಾಣಿಸುತ್ತವೆ ಎಂದು ಓದಿದೆ. ಆಯಾ ಜನರ ಮೈಗುಣಕ್ಕೆ ತಕ್ಕಂತೆ ವೈರಸ್ ಬದಲಾಯಿತೇ? ಒಂದೇ ಔಷಧ ಎಲ್ಲವಕ್ಕೂ ನಾಟುತ್ತದೆಯೇ?

ಉತ್ತರ: ನಿಮ್ಮ ಊಹೆ ಸಹಜವೇ, ಆದರೆ ಯಾವ ತಳಿ ಎಲ್ಲಿ ಬೇರೂರಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಜನರ ಮೈಗುಣವಲ್ಲ, ಅಲ್ಲಿಗೆ ಯಾವುದು ಮೊದಲು ತಲುಪಿತು ಎಂಬ ಆಕಸ್ಮಿಕ. ಜಗತ್ತಿನ ಬಹುಪಾಲು ಸೋಂಕಿಗೆ ಕಾರಣವಾದ, ಈ ಉಪಪ್ರಕಾರಗಳೆಲ್ಲ ಸೇರಿರುವ ಎಚ್‌ಐವಿ-1ರ ‘ಎಂ’ ಗುಂಪು ಆಗ್ನೇಯ ಕ್ಯಾಮೆರೂನಿನ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿ, 1920ರ ಆಸುಪಾಸಿನಲ್ಲಿ ಕಾಂಗೋ ದೇಶದ ಇಂದಿನ ಕಿನ್ಶಾಸಾ ನಗರದಲ್ಲಿ ಹರಡತೊಡಗಿತೆಂದು ಅದರ ವಂಶಾವಳಿಯ ಲೆಕ್ಕಾಚಾರ ಹೇಳುತ್ತದೆ. ಅದೇ ನಗರದಲ್ಲಿ 1959 ಮತ್ತು 1960ರಲ್ಲಿ ರೋಗಿಗಳಿಂದ ತೆಗೆದಿರಿಸಿದ್ದ ರಕ್ತ, ಅಂಗಾಂಶದ ಎರಡು ಮಾದರಿಗಳನ್ನು ಬಹುಕಾಲದ ನಂತರ ಹೋಲಿಸಿ ನೋಡಿದಾಗ, ಅವುಗಳಲ್ಲಿದ್ದ ವೈರಸ್‌ಗಳು ಆಗಲೇ ಒಂದರಿಂದೊಂದು ಸಾಕಷ್ಟು ದೂರ ಸರಿದಿದ್ದುದು ಕಂಡುಬಂತು. ಮುಂದೆ ಅಲ್ಲಿಂದ ಹೊರಟ ಒಂದು ಎಳೆ ಹೈಟಿಯ ಮೂಲಕ ಅಮೆರಿಕವನ್ನು ಸೇರಿ, ಯುರೋಪಿಗೂ ಹಬ್ಬಿ ‘ಬಿ’ ಎನಿಸಿಕೊಂಡಿತು. ದಕ್ಷಿಣ ಆಫ್ರಿಕಾ, ಇಥಿಯೋಪಿಯ ಮತ್ತು ಭಾರತದಲ್ಲಿ ನೆಲೆಸಿದ ‘ಸಿ’ ಇಂದು ಜಗತ್ತಿನ ಸೋಂಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಕಾರಣವಾಗಿದೆ.

ಇಷ್ಟು ಬೇಗ ಇಷ್ಟೊಂದು ಕವಲು ಒಡೆದದ್ದಕ್ಕೆ ಈ ವೈರಸ್ಸಿನ ನಕಲುಗಾರಿಕೆಯೇ ಕಾರಣ. ಸುಮಾರು 9,700 ಅಕ್ಷರಗಳ, ಅದರ ಆನುವಂಶಿಕ ಬರಹವಾದ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವಕ್ಕೆ, ಬರೆದದ್ದನ್ನು ಮತ್ತೆ ಓದಿ ತಪ್ಪು ತಿದ್ದುವ ಶಕ್ತಿಯಿಲ್ಲ. ಚಿಕಿತ್ಸೆಯಿಲ್ಲದ ದೇಹದಲ್ಲಾದರೋ ದಿನವೊಂದಕ್ಕೆ ನೂರಾರು ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ. ಸಾಲದೆಂಬಂತೆ, ಪ್ರತಿ ಕಣದಲ್ಲಿಯೂ ಆರ್‌ಎನ್‌ಎಯ ಎರಡು ಪ್ರತಿಗಳಿರುವುದರಿಂದ, ಒಂದೇ ಜೀವಕೋಶಕ್ಕೆ ಎರಡು ತಳಿಗಳು ಹೊಕ್ಕರೆ ಮುಂದಿನ ಪೀಳಿಗೆಯಲ್ಲಿ ಕಿಣ್ವವು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ಎರಡನ್ನೂ ಬೆರೆಸಿ ಬರೆಯಬಲ್ಲದು.

ಉಪಪ್ರಕಾರಗಳ ಪಟ್ಟಿಯಲ್ಲಿ ‘ಡಿ’ ಆದ ಮೇಲೆ ನೇರವಾಗಿ ‘ಎಫ್’ ಬರುವುದನ್ನು ನೀವು ಗಮನಿಸಿರಬಹುದು. ಥಾಯ್ಲೆಂಡಿನಲ್ಲಿ ಹಬ್ಬಿದ್ದ ವೈರಸ್ಸಿನ ಹೊರಕವಚದ ಜೀನನ್ನು ನೋಡಿ ಅದನ್ನು ‘ಇ’ ಎಂದು ಕರೆದಿದ್ದರು. ಇಡೀ ಜೀನೋಮನ್ನು ಓದಿದಾಗ ಉಳಿದದ್ದರ ಬಹುಭಾಗ ‘ಎ’ ಆಗಿತ್ತು. ಅಪ್ಪಟ ‘ಇ’ ಎಲ್ಲಿಯೂ ಸಿಕ್ಕಿಲ್ಲ, ಹಾಗಾಗಿ ಅದು ‘ಎಇ’ ಎಂಬ ಬೆರಕೆ ತಳಿಯಾಗಿ ದಾಖಲಾಯಿತು.

ಮೈಗುಣಕ್ಕೆ ಪಾತ್ರವೇ ಇಲ್ಲವೆಂದಲ್ಲ. ರೋಗನಿರೋಧಕ ವ್ಯವಸ್ಥೆಯ ಒತ್ತಡದಿಂದ ವೈರಸ್ ಪ್ರತಿ ದೇಹದಲ್ಲಿಯೂ ರೂಪ ಬದಲಿಸುತ್ತದೆ; ಲಸಿಕೆ ತಯಾರಿಸುವವರಿಗೆ ಇದೇ ದೊಡ್ಡ ತಲೆನೋವು. ಔಷಧದ ಮಾತು ಬೇರೆ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಇಂದಿನ ಸಂಯುಕ್ತ ಚಿಕಿತ್ಸೆಯು ‘ಎಂ’ ಗುಂಪಿನ ಎಲ್ಲ ಉಪಪ್ರಕಾರಗಳ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಸೂಟಿ ಮ್ಯಾಂಗಬೆ ಎಂಬ ಕೋತಿಯಿಂದ ಬಂದ ಎಚ್‌ಐವಿ-2 ಮಾತ್ರ ನೆವಿರಪಿನ್, ಎಫಾವಿರೆಂಜ್ ಎಂಬ ಔಷಧಗಳಿಗೆ ಹುಟ್ಟಿನಿಂದಲೇ ಜಗ್ಗದ ಕಾರಣ, ಆ ಸೋಂಕಿರುವವರಿಗೆ ವೈದ್ಯರು ಬೇರೆ ಔಷಧಗಳನ್ನು ಆರಿಸಬೇಕಾಗುತ್ತದೆ.