ಪೋಡಿನವರಿಗೇ ತುರ್ತು ಚಿಕಿತ್ಸೆಯ ತರಬೇತಿ

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ನಮ್ಮ ಪೋಡಿನಿಂದ (ಸೋಲಿಗ ಬುಡಕಟ್ಟಿನವರ ಊರಿನಿಂದ) ಆಸ್ಪತ್ರೆ ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ಇಲ್ಲಿನ ಸೋಲಿಗ ಯುವಜನರಿಗೇ ತುರ್ತು ಚಿಕಿತ್ಸೆಯ ತರಬೇತಿ ಕೊಡಬಹುದೇ? ಇಂಥದ್ದು ಬೇರೆಲ್ಲಾದರೂ ನಡೆದಿದೆಯೇ?

ಉತ್ತರ: ಖಂಡಿತ ಕೊಡಬಹುದು. ರಸ್ತೆಯೇ ಇಲ್ಲದ ಅಲಾಸ್ಕಾದ ಹಳ್ಳಿಗಳಲ್ಲಿ ಮೂಲನಿವಾಸಿ ಸಮುದಾಯಗಳು ತಮ್ಮವರನ್ನೇ ಆರಿಸಿ ಆರೋಗ್ಯ ಸಹಾಯಕರ ತರಬೇತಿಗೆ ಕಳಿಸುತ್ತವೆ. 1950ರ ದಶಕದಲ್ಲಿ ಕ್ಷಯದ ಮಾತ್ರೆ ಹಂಚಲು ಸ್ವಯಂಸೇವಕರಾಗಿ ಬಂದವರಿಂದ ಬೆಳೆದ ಈ ವ್ಯವಸ್ಥೆಗೆ 1968ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಹಣ ದೊರೆಯಿತು. ನಾಲ್ಕು ಹಂತಗಳಲ್ಲಿ ಕಲಿಯುವ ಈ ಸಹಾಯಕರು, ಲಕ್ಷಣಗಳನ್ನು ಕ್ರಮವಾಗಿ ಪರೀಕ್ಷಿಸಲು ನೆರವಾಗುವ ಕೈಪಿಡಿಯನ್ನು ಮುಂದಿಟ್ಟುಕೊಂಡು, ದೂರದ ವೈದ್ಯರೊಡನೆ ಮೊದಲು ರೇಡಿಯೋದಲ್ಲಿ, ಅನಂತರ ಫೋನಿನಲ್ಲಿ ಮಾತನಾಡಿ ಚಿಕಿತ್ಸೆ ಕೊಡುತ್ತಾ ಬಂದಿದ್ದಾರೆ. ನನ್ನ ದೃಷ್ಟಿಯಲ್ಲಿ ಇದರ ಬಲವಿರುವುದು ತರಬೇತಿಗಿಂತ ಹೆಚ್ಚಾಗಿ, ಬೆನ್ನ ಹಿಂದೆ ಸದಾ ಒಬ್ಬ ವೈದ್ಯರಿರುವುದರಲ್ಲಿ.

ನಿಮ್ಮಲ್ಲಿ ಹಾವಿನ ಕಡಿತದಿಂದ ಆರಂಭಿಸುವುದು ಸೂಕ್ತ; ಕರ್ನಾಟಕ 2024ರಲ್ಲಿ ಇದನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಗಾಯವನ್ನು ಕೊಯ್ಯದೆ, ವಿಷವನ್ನು ಹೀರದೆ, ಹಗ್ಗದಿಂದ ಬಿಗಿಯದೆ, ಕಡಿತವಾದ ಕೈಕಾಲು ಅಲುಗದಂತೆ ಮರದ ಪಟ್ಟಿಯ ಆಧಾರ ಕೊಟ್ಟು, ರೋಗಿಯನ್ನು ನಡೆಸದೆ ಹೊತ್ತು ತರುವುದನ್ನು ಅಭ್ಯಾಸದಿಂದಲೇ ಕಲಿಸಬೇಕು. ನಾಗರಹಾವು, ಕಟ್ಟುಹಾವುಗಳ ವಿಷ ಉಸಿರಾಟವನ್ನೇ ನಿಲ್ಲಿಸಬಲ್ಲದಾದ್ದರಿಂದ, ದಾರಿಯಲ್ಲಿ ಕೃತಕ ಉಸಿರಾಟ ಕೊಡುವ ಕೌಶಲವೂ ಬೇಕು. ವಿಷಕ್ಕೆ ಮದ್ದು ಮಾತ್ರ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೇ. ಊರಿನ ನಾಟಿವೈದ್ಯರನ್ನು ದೂರವಿಡದೆ ತರಬೇತಿಗೆ ಕರೆಯಿರಿ. ಜನ ಮೊದಲು ಓಡುವುದು ಅವರ ಬಳಿಗೇ.