ಅಪ್‌ಡೇಟ್ ಆದ ಮೇಲೆ ರೂಟ್ ಮಾಡಿದ ಫೋನು ಕೆಟ್ಟಿದೆ. ನಿಜವಾಗಿಯೂ ಬೋರ್ಡ್ ಹೋಗಿದೆಯಾ?

ನೀವು ಬರೆದಿರುವುದು ಇಷ್ಟು. ಮೂರು ವರ್ಷ ಹಳೆಯ ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ಫೋನು, ಮ್ಯಾಜಿಸ್ಕ್ ಎನ್ನುವ ಟೂಲ್ ಹಾಕಿ ರೂಟ್ ಮಾಡಿದ್ದೀರಿ, ಅಂದರೆ ಫೋನಿನ ಪೂರ್ತಿ ಹಿಡಿತ ನಿಮ್ಮ ಕೈಗೆ ತೆಗೆದುಕೊಂಡಿದ್ದೀರಿ. ಅಪ್‌ಡೇಟ್ ಬಂತು, ಒತ್ತಿದಿರಿ, ಫೋನು ಲೋಗೋದಲ್ಲೇ ನಿಂತಿತು. ಗೆಳೆಯರೊಬ್ಬರು ಟೆಲಿಗ್ರಾಂನಲ್ಲಿ ಸಿಕ್ಕ ಬೂಟ್ ಫೈಲನ್ನು (ಫೋನು ಏಳಲು ಬೇಕಾದ ಫೈಲು) ಫ್ಲ್ಯಾಶ್ ಮಾಡಿಕೊಟ್ಟರು, ಅಂದರೆ ಫೋನಿನೊಳಗೆ ಬರೆದುಕೊಟ್ಟರು. ಆನ್ ಆಯಿತು, ಆದರೆ ವೈಫೈ ಆನ್ ಆಗುತ್ತಿಲ್ಲ, ಸಿಮ್‌ಗೆ ನೆಟ್‌ವರ್ಕ್ ಇಲ್ಲ, ಚಾರ್ಜ್ 40 ಪರ್ಸೆಂಟ್ ಇರುವಾಗಲೇ ಆಫ್ ಆಗುತ್ತದೆ. ಅಂಗಡಿಯವರು "ಬೋರ್ಡ್ ಹೋಗಿದೆ, 6,500 ಆಗುತ್ತೆ" ಅಂದರು. ಕೊಡಬೇಕಾ ಅಂತ ಕೇಳಿದ್ದೀರಿ.

ಈಗಲೇ ಕೊಡಬೇಡಿ. ರಿಪೇರಿ ಟೇಬಲ್ ಮುಂದೆ ಕೂತು ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ, ನಿಮ್ಮ ಫೋನಿಗೆ ಬಂದಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ ಇರುವ ಸಾಧ್ಯತೆಯೇ ಜಾಸ್ತಿ. ಒಟ್ಟಿಗೆ ಕಾಣಿಸಿಕೊಂಡಿವೆ ಅಂತ ಎಲ್ಲವನ್ನೂ ಬೋರ್ಡಿನ ತಲೆಗೆ ಕಟ್ಟಿದ್ದಾರೆ ಅಷ್ಟೆ.

ಮೊದಲು ವೈಫೈ. ನನ್ನ ಅನುಮಾನ ನೇರವಾಗಿ ಆ ಟೆಲಿಗ್ರಾಂ ಫೈಲಿನ ಮೇಲೆ. ಬೂಟ್ ಫೈಲಿನೊಳಗೆ ಕರ್ನಲ್, ಅಂದರೆ ಹಾರ್ಡ್‌ವೇರನ್ನು ನಡೆಸುವ ಆಂಡ್ರಾಯ್ಡ್‌ನ ತಿರುಳು, ಇರುತ್ತದೆ. ವೈಫೈ ನಡೆಸುವ ಡ್ರೈವರ್ ತುಂಬಾ ಫೋನುಗಳಲ್ಲಿ ಕರ್ನಲ್ ಒಳಗೇ ಇರುವುದಿಲ್ಲ, ವೆಂಡರ್ ಎನ್ನುವ ಬೇರೆ ಭಾಗದಲ್ಲಿ ಸಣ್ಣ ಮಾಡ್ಯೂಲ್ ಆಗಿ ಕೂತಿರುತ್ತದೆ. ಕರ್ನಲ್ ಒಂದು ವರ್ಷನ್ನಿನದು, ಮಾಡ್ಯೂಲ್ ಇನ್ನೊಂದು ವರ್ಷನ್ನಿನದು ಆದರೆ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಫೋನು ಆನ್ ಆಗುತ್ತದೆ, ಸ್ಕ್ರೀನ್ ಬರುತ್ತದೆ, ಆದರೆ ವೈಫೈ ಸ್ವಿಚ್ ಒತ್ತಿದರೆ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಕೆಲವು ಫೋನುಗಳಲ್ಲಿ ಸೌಂಡ್ ಹೋಗುತ್ತದೆ, ಕೆಲವದರಲ್ಲಿ ಟಚ್ ಹೋಗುತ್ತದೆ. ನೋಡಿದವರಿಗೆ ಐಸಿ (ಚಿಪ್) ಸುಟ್ಟಂತೆಯೇ ಕಾಣುತ್ತದೆ. ಅಂಗಡಿಯವರು ಎಡವಿದ್ದು ಇಲ್ಲೇ ಇರಬೇಕು.

ಇದಕ್ಕೆ ಖರ್ಚಿಲ್ಲ. ಫೋನು ಆನ್ ಆಗುತ್ತಿದೆಯಲ್ಲ, ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಬರೆದುಕೊಳ್ಳಿ. ಅಕ್ಷರ ಅಕ್ಷರವೂ ಅದೇ ಇರುವ ಪೂರ್ತಿ ಫರ್ಮ್‌ವೇರನ್ನು (ಫೋನಿನ ಮೂಲ ಸಾಫ್ಟ್‌ವೇರ್) ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. "ನಮ್ಮ ಮಾಡೆಲ್‌ಗೇ" ಅಂದರೆ ಸಾಲದು. ಒಂದೇ ಮಾಡೆಲ್‌ಗೆ ಇಂಡಿಯಾ, ಗ್ಲೋಬಲ್, ಚೀನಾ ಅಂತ ಬೇರೆ ಬೇರೆ ಬಿಲ್ಡ್ ಇರುತ್ತವೆ. ಹೊಸ ಫೋನುಗಳ ಫರ್ಮ್‌ವೇರಿನಲ್ಲಿ ಬೂಟ್ ಫೈಲು ಪೇಲೋಡ್ ಎನ್ನುವ ದೊಡ್ಡ ಫೈಲಿನೊಳಗೆ ಅಡಗಿರುತ್ತದೆ, ಅದನ್ನು ಬಿಡಿಸುವ ಉಚಿತ ಟೂಲ್‌ಗಳಿವೆ. ಬಿಡಿಸಿ, ಏನೂ ಪ್ಯಾಚ್ ಮಾಡದ ಮೂಲ ಬೂಟ್ ಫೈಲನ್ನು ಫಾಸ್ಟ್‌ಬೂಟ್‌ನಲ್ಲಿ (ಆಂಡ್ರಾಯ್ಡ್ ಏಳುವ ಮೊದಲೇ ಕಂಪ್ಯೂಟರಿನಿಂದ ಫೈಲ್ ಬರೆಯುವ ಮೋಡ್) ಫ್ಲ್ಯಾಶ್ ಮಾಡಿ. ಫೋಟೋ, ಡೇಟಾ ಎಲ್ಲಾ ಹಾಗೇ ಉಳಿಯುತ್ತವೆ. ರೂಟ್ ಹೋಗುತ್ತದೆ, ಹೋಗಲಿ. ಮೊದಲು ಫೋನು ನೆಟ್ಟಗಾಗಲಿ.

ಇಲ್ಲಿ ಇನ್ನೊಂದು ವಿಷಯ. ನಿಮ್ಮ ಫೋನು ಆಂಡ್ರಾಯ್ಡ್ 13 ಅಥವಾ ನಂತರದ ವರ್ಷನ್ ಜೊತೆಗೇ ಮಾರುಕಟ್ಟೆಗೆ ಬಂದದ್ದಾದರೆ, ಮ್ಯಾಜಿಸ್ಕ್ ಸಾಮಾನ್ಯವಾಗಿ ಕೂರುವುದು ಬೂಟ್‌ನಲ್ಲಲ್ಲ, ಇನಿಟ್ ಬೂಟ್ ಎನ್ನುವ ಬೇರೆ ಭಾಗದಲ್ಲಿ. ಹಾಗಿದ್ದರೆ ಎರಡನ್ನೂ ಮೂಲದ್ದಕ್ಕೆ ತನ್ನಿ.

ನೆಟ್‌ವರ್ಕ್ ವಿಷಯಕ್ಕೆ ಬೂಟ್ ಸರಿ ಮಾಡುವ ತನಕ ಕೈ ಹಾಕಬೇಡಿ. ಎಷ್ಟೋ ಸಲ ಅದೂ ಜೊತೆಗೇ ಸರಿಹೋಗುತ್ತದೆ. ಹೋಗದಿದ್ದರೆ ಎರಡು ಕಡೆ ನೋಡಿ. ಡಯಲರ್‌ನಲ್ಲಿ *#06# ಒತ್ತಿದಾಗ ಫೋನಿನ ಗುರುತಿನ ನಂಬರಾದ ಐಎಂಇಐ ಬರುತ್ತದಾ? ಅಬೌಟ್ ಫೋನ್‌ನಲ್ಲಿ ಬೇಸ್‌ಬ್ಯಾಂಡ್ ವರ್ಷನ್ (ನೆಟ್‌ವರ್ಕ್ ಹಿಡಿಯುವ ಮೋಡೆಮ್‌ನ ಸಾಫ್ಟ್‌ವೇರ್) ಬರುತ್ತದಾ? ಎರಡೂ ಬಂದರೆ ತೊಂದರೆ ಸಿಮ್ಮು, ಟ್ರೇ ಅಥವಾ ಆಂಟೆನಾ ಕಡೆಗಿದೆ. ಬೇಸ್‌ಬ್ಯಾಂಡೇ ಅನ್‌ನೋನ್ ಅಂತ ಬಂದರೆ ಮೋಡೆಮ್ ಎದ್ದಿಲ್ಲ. ಅದೇ ಬಿಲ್ಡಿನ ಮೋಡೆಮ್ ಫರ್ಮ್‌ವೇರ್ ಹಾಕಿ ನೋಡಬೇಕು, ಆಗಲೂ ಏಳದಿದ್ದರೆ ಹಾರ್ಡ್‌ವೇರ್. ಬೇಸ್‌ಬ್ಯಾಂಡ್ ಇದೆ, ಐಎಂಇಐ ಮಾತ್ರ ಸೊನ್ನೆ ಅಥವಾ ಖಾಲಿ ಅಂತಾದರೆ ಇಎಫ್‌ಎಸ್ ಎನ್ನುವ ಭಾಗ ಹಾಳಾಗಿದೆ. ಫ್ಯಾಕ್ಟರಿಯಲ್ಲಿ ನಿಮ್ಮ ಫೋನಿಗೆ ಮಾತ್ರ ಬರೆದ ನಂಬರುಗಳು, ರೇಡಿಯೋ ಹೊಂದಾಣಿಕೆ ಎಲ್ಲಾ ಅಲ್ಲಿರುತ್ತವೆ. ಬೇರೆ ಫೋನಿನಿಂದ ತಂದು ಹಾಕುವ ವಸ್ತು ಅಲ್ಲ ಅದು.

"ಐಎಂಇಐ ಬರೆದು ಕೊಡ್ತೀವಿ" ಅನ್ನುವವರು ಸಿಗುತ್ತಾರೆ. ದಯವಿಟ್ಟು ಬೇಡ. ಭಾರತದಲ್ಲಿ 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಐಎಂಇಐ ತಿದ್ದುವುದು ಅಪರಾಧ. ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅವರು ಹಾಕುವ ನಂಬರ್ ಯಾವುದೋ ಕಳವಾದ ಫೋನಿನದಾಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಬಾಕ್ಸು, ಬಿಲ್ಲು ಹಿಡಿದು ಕಂಪನಿಯ ಸರ್ವೀಸ್ ಸೆಂಟರ್‌ಗೆ ಹೋಗುವುದೇ ದಾರಿ.

ಈಗ 40 ಪರ್ಸೆಂಟಿಗೆ ಆಫ್ ಆಗುವ ಸಂಗತಿ. ಇದು ಬ್ಯಾಟರಿ ಅಂತಲೇ ನನಗೆ ಅನ್ನಿಸುತ್ತದೆ. ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಫೋನು ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಎಲ್ಲಾ ಆಪ್‌ಗಳನ್ನು ಮತ್ತೆ ಹೊಂದಿಸುತ್ತದೆ, ಫೋಟೋಗಳನ್ನು ಹೊಸದಾಗಿ ಪಟ್ಟಿ ಮಾಡುತ್ತದೆ. ಹಾಗಾಗಿ ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ಮಾಮೂಲು. ಗಟ್ಟಿ ಬ್ಯಾಟರಿ ಇದನ್ನು ತಡೆದುಕೊಳ್ಳುತ್ತದೆ. ಹಳೆಯ ಬ್ಯಾಟರಿಗೆ ಒಳಗಿನ ತಡೆ ಜಾಸ್ತಿಯಾಗಿರುತ್ತದೆ. ಪ್ರೊಸೆಸರ್ ಒಮ್ಮೆಗೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಫೋನು ಪಟ್ ಅಂತ ಆಫ್. ಪರ್ಸೆಂಟ್ ಎಷ್ಟಿದ್ದರೂ ಅಷ್ಟೇ.

ನೋಡುವುದು ಸುಲಭ. 40ರ ಆಸುಪಾಸಿನಲ್ಲಿ ಕ್ಯಾಮೆರಾದ ಫ್ಲ್ಯಾಶ್ ಲೈಟ್ ಹಾಕಿ ವಿಡಿಯೋ ತೆಗೆಯಿರಿ. ಆಫ್ ಆಗುತ್ತದಾ? ಈಗ ಪವರ್ ಬ್ಯಾಂಕ್ ಚುಚ್ಚಿ ಅದೇ ಕೆಲಸ ಮಾಡಿ. ಆಫ್ ಆಗುವುದು ನಿಂತರೆ ತೊಂದರೆ ಬ್ಯಾಟರಿಯದು, ಇಲ್ಲವೇ ಅದರ ಕನೆಕ್ಟರಿನದು. ಚುಚ್ಚಿದ್ದರೂ ಆಫ್ ಆದರೆ ಆಗ ಬೋರ್ಡಿನ ಮಾತು.

ಇದರಲ್ಲಿ ಅಪ್‌ಡೇಟ್‌ನದೇನೂ ತಪ್ಪಿಲ್ಲ ಅಂತಲೂ ಅಲ್ಲ. ಕಂಪನಿಗಳು ಬೇಕಂತಲೇ ಮಾಡಿದ್ದಿದೆ. 2017ರ ಜನವರಿಯಲ್ಲಿ ಬಂದ ಐಒಎಸ್ 10.2.1 ಅಪ್‌ಡೇಟ್ ಹಳೆಯ ಬ್ಯಾಟರಿಯ ಐಫೋನುಗಳನ್ನು ನಿಧಾನ ಮಾಡಿತು. ಹೀಗೆ ಪಟ್ ಅಂತ ಆಫ್ ಆಗುವುದನ್ನು ತಪ್ಪಿಸಲಿಕ್ಕೇ ಮಾಡಿದ್ದು. ಆದರೆ ಜನರಿಗೆ ಬಿಡಿಸಿ ಹೇಳಿದ್ದು ಡಿಸೆಂಬರ್‌ನಲ್ಲಿ, ಗಲಾಟೆ ಎದ್ದ ಮೇಲೆ. ಕೊನೆಗೆ ಆಪಲ್ 79 ಡಾಲರಿನ ಬ್ಯಾಟರಿ ಬದಲಾವಣೆಯನ್ನು 29 ಡಾಲರಿಗೆ ಇಳಿಸಬೇಕಾಯಿತು. 2025ರ ಜನವರಿಯಲ್ಲಿ ಗೂಗಲ್ ಕೂಡ ಪಿಕ್ಸೆಲ್ 4ಎಗೆ ಒಂದು ಅಪ್‌ಡೇಟ್ ಕೊಟ್ಟಿತು. ಕೆಲವು ಫೋನುಗಳಲ್ಲಿ ಬ್ಯಾಟರಿ ತುಂಬುವ ಮಟ್ಟವನ್ನೇ ಅದು ತಗ್ಗಿಸಿತು, ಬ್ಯಾಟರಿ ಬಾಳಿಕೆ ಒಂದೇ ದಿನದಲ್ಲಿ ಬಿದ್ದುಹೋಯಿತು. ಎರಡೂ ಕಡೆ ಕೋಡ್ ಬದಲಾಗಿದ್ದು ನಿಜ, ಆದರೆ ಬೇರು ಇದ್ದದ್ದು ಬ್ಯಾಟರಿಯಲ್ಲೇ.

ಇದಕ್ಕಿಂತ ಒಳ್ಳೆಯ ಉದಾಹರಣೆ ಗೂಗಲ್‌ನ ನೆಕ್ಸಸ್ 5ಎಕ್ಸ್ ಫೋನು. 2016ರ ಕೊನೆಯ ಹೊತ್ತಿಗೆ ಆಂಡ್ರಾಯ್ಡ್ 7 ಹಾಕಿಕೊಂಡವರ ಫೋನುಗಳು ಲೋಗೋ ತೋರಿಸುವುದು, ಆಫ್ ಆಗುವುದು, ಮತ್ತೆ ಲೋಗೋ ತೋರಿಸುವುದು, ಇಷ್ಟೇ ಮಾಡತೊಡಗಿದವು. ಎಲ್ಲರೂ ಅಪ್‌ಡೇಟ್‌ಗೆ ಬೈದರು. ಗೂಗಲ್ ಮಾತ್ರ ಇದು ಹಾರ್ಡ್‌ವೇರ್ ತೊಂದರೆ ಅಂದಿತು. ಸಬೂಬು ಅಂತಲೇ ಜನ ಅಂದುಕೊಂಡರು. ಮರುವರ್ಷ ಹವ್ಯಾಸಿ ಡೆವಲಪರ್‌ಗಳು ಒಂದು ತಿದ್ದಿದ ಬೂಟ್ ಫೈಲ್ ಮಾಡಿದರು. ಆ ಫೋನಿನ ಸ್ನ್ಯಾಪ್‌ಡ್ರಾಗನ್ 808 ಚಿಪ್ಪಿನಲ್ಲಿ ಕೆಲಸ ಮಾಡುವ ಆರು ಘಟಕ (ಕೋರ್) ಇವೆ, ನಾಲ್ಕು ಸಣ್ಣವು, ಎರಡು ದೊಡ್ಡವು. ಆ ಫೈಲು ದೊಡ್ಡ ಎರಡನ್ನು ಎಬ್ಬಿಸುವುದೇ ಇಲ್ಲ. ಸತ್ತೇಹೋಯಿತು ಅಂದುಕೊಂಡಿದ್ದ ಎಷ್ಟೋ ಫೋನುಗಳು ಆನ್ ಆದವು! ನಿಧಾನವಾಗಿ ಓಡಿದವು, ಆದರೆ ಓಡಿದವು. ಅಂದರೆ ಕೋಡ್ ಬದಲಾಯಿಸಿ ಫೋನು ಎಬ್ಬಿಸಿದರೂ, ಆ ಉಪಾಯವೇ ಹಾರ್ಡ್‌ವೇರ್ ಕೆಟ್ಟಿದೆ ಅಂತ ತೋರಿಸಿಕೊಟ್ಟಿತು. ಅಪ್‌ಡೇಟ್ ಸಮಯದಲ್ಲಿ ಪ್ರೊಸೆಸರ್ ಮೇಲೆ ಬೀಳುವ ಹೊರೆ, ಬಿಸಿ, ಮೊದಲೇ ಸಡಿಲವಾದ ಬೆಸುಗೆಯನ್ನು ಬಯಲಿಗೆ ತರುತ್ತದೆ.

ಇಂಥ ಫೋನಿಗೆ ಕೆಲವು ಕಡೆ ಹೀಟ್ ಗನ್ ಹಿಡಿದು "ಸರಿ ಆಯ್ತು" ಅಂತ ಕೊಟ್ಟುಬಿಡುತ್ತಾರೆ. ಬಿಸಿಗೆ ಬೆಸುಗೆ ಸ್ವಲ್ಪ ಕಾಲ ಹಿಡಿದುಕೊಳ್ಳುತ್ತದೆ, ಆಮೇಲೆ ಮತ್ತೆ ಅದೇ ಹಾಡು. ಚಿಪ್ ಎತ್ತಿ ರೀಬಾಲ್ ಮಾಡಿದರೆ, ಅಂದರೆ ಹೊಸ ಬೆಸುಗೆ ಹಾಕಿ ಕೂರಿಸಿದರೆ, ಮಾತ್ರ ರಿಪೇರಿ ಅನ್ನಬಹುದು.

ಹಾಗಾದರೆ ಗೊತ್ತಾಗುವುದು ಹೇಗೆ? ನಾನು ಮೊದಲು ಮಾಡುವ ಕೆಲಸ, ಆಂಡ್ರಾಯ್ಡ್ ಓಡದೇ ಇರುವಾಗ ಫೋನು ಹೇಗಿದೆ ಅಂತ ನೋಡುವುದು. ಫಾಸ್ಟ್‌ಬೂಟ್ ಸ್ಕ್ರೀನಿನಲ್ಲಿ ಅರ್ಧ ಗಂಟೆ ಸುಮ್ನೆ ಬಿಡಿ. ರಿಕವರಿ ಎನ್ನುವ ರಿಪೇರಿ ಸ್ಕ್ರೀನಿಗೆ ಹೋಗಿ ಅಲ್ಲೂ ಬಿಡಿ. ಅಲ್ಲಿ ನಿಮ್ಮ ಆಪ್ ಇಲ್ಲ, ಮ್ಯಾಜಿಸ್ಕ್‌ಗೆ ನೀವು ಸೇರಿಸಿಕೊಂಡ ಮಾಡ್ಯೂಲ್‌ಗಳೂ (ಕರ್ನಲ್ ಮಾಡ್ಯೂಲ್ ಬೇರೆ, ಇವು ಬೇರೆ) ಇಲ್ಲ. ಅಲ್ಲೂ ಆಫ್ ಆಗುತ್ತದೆ, ಸ್ಕ್ರೀನಿನಲ್ಲಿ ಹಸಿರು ಗೆರೆ ಅಲ್ಲೂ ಇದೆ, ವಾಲ್ಯೂಮ್ ಬಟನ್ ತಾನಾಗಿಯೇ ಒತ್ತಿಕೊಳ್ಳುತ್ತದೆ ಅಂದರೆ ಹಾರ್ಡ್‌ವೇರ್. ಅಲ್ಲಿ ಗಟ್ಟಿಯಾಗಿ ನಿಂತು ಆಂಡ್ರಾಯ್ಡ್ ಒಳಗೆ ಮಾತ್ರ ಬೀಳುತ್ತದೆ ಅಂದರೆ, ನೀವು ಹಾಕಿಕೊಂಡ ಆಪ್‌ಗಳಿಲ್ಲದೆ ಫೋನು ಏಳುವ ಸೇಫ್ ಮೋಡ್ ನೋಡಿ. ಸೇಫ್ ಮೋಡ್‌ಗೆ ಹೋದರೆ ಮ್ಯಾಜಿಸ್ಕ್ ತನ್ನ ಮಾಡ್ಯೂಲ್‌ಗಳನ್ನೆಲ್ಲ ಆಫ್ ಮಾಡಿಕೊಳ್ಳುತ್ತದೆ. ಅಪ್‌ಡೇಟ್ ನಂತರ ಲೋಗೋದಲ್ಲಿ ನಿಲ್ಲುವ ರೂಟ್ ಫೋನುಗಳಲ್ಲಿ ಹಳೆಯ ಮಾಡ್ಯೂಲ್ ಒಂದು ಹೊಸ ವರ್ಷನ್ನಿಗೆ ಹೊಂದದೇ ಇರುವುದು ಸಾಮಾನ್ಯ. ನಿಮ್ಮದೂ ಮೊದಲು ಹಾಗೇ ನಿಂತಿರಬಹುದು.

ಅಂಗಡಿಗೆ ಹೋಗಲೇಬೇಕಾದರೆ, ಬ್ಯಾಟರಿ ಬಿಚ್ಚಿ ಡಿಸಿ ಸಪ್ಲೈಗೆ (ಬ್ಯಾಟರಿಯ ಬದಲು ಕರೆಂಟ್ ಕೊಟ್ಟು, ಫೋನು ಎಷ್ಟು ಎಳೆಯುತ್ತಿದೆ ಅಂತ ತೋರಿಸುವ ಯಂತ್ರ) ಹಾಕಿ ತೋರಿಸಿ ಅಂತ ಕೇಳಿ. ಪವರ್ ಬಟನ್ ಒತ್ತುವ ಮೊದಲೇ ಮೀಟರ್ ಕರೆಂಟ್ ತೋರಿಸಿದರೆ ಶಾರ್ಟ್ ಇದೆ. ಸೊನ್ನೆಯಲ್ಲಿದ್ದು, ಒತ್ತಿದ ಮೇಲೆ ಏರಿಳಿಯುತ್ತಾ ಫೋನು ಆನ್ ಆಗಿ, ಸಪ್ಲೈ ಮೇಲೆ ಆಫ್ ಆಗದೇ ಓಡಿದರೆ ಬೋರ್ಡ್ ಹೋಗಿದೆ ಅನ್ನುವುದಕ್ಕೆ ಆಧಾರವೇ ಇಲ್ಲ. ಬೆಂಗಳೂರಿನ ಎಸ್‌.ಪಿ. ರೋಡ್ ಆಗಲಿ, ನಿಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಾಗಲಿ, ಕೆಲಸ ಬಲ್ಲವರು ಇದನ್ನು ತೋರಿಸಲು ಹಿಂಜರಿಯುವುದಿಲ್ಲ. ತೋರಿಸದವರ ಹತ್ತಿರ ಬೋರ್ಡ್ ಬಿಚ್ಚಿಸಬೇಡಿ.

ಈ ನಡುವೆ ಮಾಡಬಾರದ್ದು ಕೆಲವು ಇವೆ. "ಡೇಟಾ ಹಾಳಾಗಿರಬಹುದು" ಅಂತ ರಿಕವರಿ ಹೇಳಿ ಫ್ಯಾಕ್ಟರಿ ರೀಸೆಟ್ ತೋರಿಸಿದರೆ ತಕ್ಷಣ ಒತ್ತಬೇಡಿ, ಮೊದಲು ಟ್ರೈ ಎಗೇನ್ ಒತ್ತಿ. ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಬೀಗ ಆ ಪ್ರೊಸೆಸರ್‌ಗೇ ಅಂಟಿಕೊಂಡಿರುತ್ತದೆ. ಮೆಮೊರಿ ಐಸಿ ಒಂದನ್ನೇ ತೆಗೆದು ಫೋಟೋ ತೆಗೆದುಕೊಡುತ್ತೇವೆ ಅನ್ನುವ ಮಾತು ಈಗಿನ ಫೋನುಗಳಲ್ಲಿ ನಡೆಯುವುದಿಲ್ಲ. ನಿಮ್ಮದು ಈಗ ಆನ್ ಆಗುತ್ತಿದೆ, ಹಾಗಾಗಿ ಎಲ್ಲಕ್ಕಿಂತ ಮೊದಲು ಕೇಬಲ್ ಹಾಕಿ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಹಳೆಯ ಆಂಡ್ರಾಯ್ಡ್‌ಗೆ ಹಿಂದಿರುಗುವ ಆಸೆಯೂ ಈಗ ಬೇಡ. ಹಿಂದೆ ಹೋಗದಂತೆ ತಡೆ ಹಾಕಿರುವ ಫೋನುಗಳಿವೆ. ಪಿಕ್ಸೆಲ್ 6 ಸಾಲಿನ ಫೋನುಗಳು 2022ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 13 ಹಾಕಿಕೊಂಡ ಮೇಲೆ 12ಕ್ಕೆ ಹಿಂದಿರುಗುವ ಹಾಗಿರಲಿಲ್ಲ. ಇಂಥ ಕಡೆ ಬಲವಂತ ಮಾಡಿದರೆ ಪೂರ್ತಿ ಡೆಡ್. ಹಾಗೆಯೇ, ಬ್ಯಾಂಕ್ ಆಪ್ ಓಡಲಿ ಅಂತ ಆತುರದಲ್ಲಿ ಆಂಡ್ರಾಯ್ಡನ್ನು ಎಬ್ಬಿಸುವ ಬೂಟ್‌ಲೋಡರ್ ಎನ್ನುವ ಭಾಗವನ್ನು ಲಾಕ್ ಮಾಡಬೇಡಿ. ಒಳಗೆ ಒಂದೇ ಒಂದು ಭಾಗ ತಿದ್ದಿದ್ದು ಉಳಿದಿದ್ದರೂ, ಲಾಕ್ ಆದ ಬೂಟ್‌ಲೋಡರ್ ಅದನ್ನು ಓಡಲು ಬಿಡುವುದಿಲ್ಲ. ಪೂರ್ತಿ ಮೂಲ ಫರ್ಮ್‌ವೇರ್ ಹಾಕಿ, ಎಲ್ಲಾ ಸರಿ ಓಡುತ್ತಿದೆ ಅಂತ ನೋಡಿ, ಆಮೇಲೆ ಲಾಕ್. ಲಾಕ್ ಮಾಡುವಾಗ ಡೇಟಾ ಅಳಿಸಿಹೋಗುತ್ತದೆ, ಅದೂ ನೆನಪಿರಲಿ.

ಮತ್ತೆ ರೂಟ್ ಬೇಕೇ ಬೇಕು ಅಂದರೆ, ಎರಡು ಸ್ಲಾಟ್ ಇರುವ (ಸಿಮ್ ಸ್ಲಾಟ್ ಅಲ್ಲ, ಸಿಸ್ಟಮ್‌ನ ಎರಡು ಪ್ರತಿ ಇಟ್ಟುಕೊಳ್ಳುವ) ಫೋನಿಗೆ ಮುಂದಿನ ಅಪ್‌ಡೇಟ್ ಹೀಗೆ ಹಾಕಬೇಕು. ಮಾಡ್ಯೂಲ್‌ಗಳನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಮ್ಯಾಜಿಸ್ಕ್ ಆಪ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿ ರಿಸ್ಟೋರ್ ಇಮೇಜಸ್ ಮಾತ್ರ ಆರಿಸಿ. ಈಗ ರೀಸ್ಟಾರ್ಟ್ ಮಾಡದೇ ಅಪ್‌ಡೇಟ್ ಹಾಕಿ. ಅದು ಮುಗಿದು ರೀಸ್ಟಾರ್ಟ್ ಕೇಳಿದಾಗ ಒತ್ತದೇ ಮ್ಯಾಜಿಸ್ಕ್‌ಗೆ ಹಿಂದಿರುಗಿ, ಇನ್‌ಆ್ಯಕ್ಟಿವ್ ಸ್ಲಾಟ್‌ಗೆ ಇನ್‌ಸ್ಟಾಲ್ ಮಾಡಿ. ಆಮೇಲಷ್ಟೇ ರೀಸ್ಟಾರ್ಟ್. ಇಷ್ಟು ತಾಳ್ಮೆ ಇಲ್ಲದಿದ್ದರೆ, ನನ್ನ ಅಭಿಪ್ರಾಯದಲ್ಲಿ, ದಿನಾ ಯುಪಿಐ ಬಳಸುವ ಫೋನಿಗೆ ರೂಟ್ ಬೇಡವೇ ಬೇಡ. ಬೂಟ್‌ಲೋಡರ್ ತೆರೆದಿದ್ದರೆ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎನ್ನುವ ತಪಾಸಣೆ ಅದನ್ನು ಹಿಡಿಯುತ್ತದೆ, ಬ್ಯಾಂಕ್ ಆಪ್‌ಗಳು ಅದನ್ನು ಕೇಳಿಯೇ ಬಾಗಿಲು ಹಾಕುವುದು. ಇವತ್ತು ಮರೆಮಾಚುವ ಉಪಾಯ ನಾಳೆ ನಡೆಯುವುದಿಲ್ಲ. ಸ್ಯಾಮ್‌ಸಂಗ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೂ ಒಂದು ಮಾತು: ಹೊರಗಿನ ಫೈಲ್ ಫ್ಲ್ಯಾಶ್ ಮಾಡಿದರೆ ನಾಕ್ಸ್ ಎನ್ನುವ ಭದ್ರತಾ ವ್ಯವಸ್ಥೆಯ ಫ್ಯೂಸ್ ಸುಡುತ್ತದೆ. ಮೂಲ ಸಾಫ್ಟ್‌ವೇರ್ ಹಾಕಿದರೂ ಅದು ಹಿಂದಿರುಗುವುದಿಲ್ಲ, ಸೆಕ್ಯೂರ್ ಫೋಲ್ಡರ್ ಹೋದದ್ದು ಹೋದದ್ದೇ.

ಬೂಟ್ ಫೈಲ್ ಬದಲಾಯಿಸಿದ ಮೇಲೆ ಬಿಲ್ಡ್ ನಂಬರ್, ಬೇಸ್‌ಬ್ಯಾಂಡ್ ಬಂತಾ ಇಲ್ಲವಾ, ಪವರ್ ಬ್ಯಾಂಕ್ ಹಾಕಿದಾಗ ಏನಾಯಿತು, ಇವನ್ನು ಬರೆದು ತಿಳಿಸಿ. ಐಎಂಇಐ ಬಂತು ಅಂದರೆ ಸಾಕು, ನಂಬರನ್ನು ಮಾತ್ರ ಇಲ್ಲಿ ಹಾಕಬೇಡಿ.